ಹಳೇ ಟ್ರಾಕ್ಟರ್ ಆನ್‌ಲೈನ್ ಹರಾಜಿಗೆ: ಕೊಳ್ಳೋರು ನಂಬುವಂಥ ಪುಟ ಮಾಡೋದು ಹೇಗೆ?



ಈ ವಾರ ಬೆಳೆ, ಗೊಬ್ಬರ ಎರಡನ್ನೂ ಪಕ್ಕಕ್ಕಿಟ್ಟು ಮಾರಾಟದ ವಿಷಯಕ್ಕೆ ಬರ್ತೀನಿ. ಬೆಳೆದ ಮಾಲು ಮಾರೋಕೆ ಎಪಿಎಂಸಿ ಇದೆ. ಆದರೆ ಹಳೇ ಟ್ರಾಕ್ಟರ್, ರೋಟವೇಟರ್, ಪಂಪ್‌ಸೆಟ್, ಡ್ರಿಪ್ ಪೈಪು ಇಂಥವನ್ನು ಮಾರಬೇಕಾದಾಗ ಇರೋದು ಎರಡೇ ದಾರಿ. ಒಂದು, ಊರಿನ ಬ್ರೋಕರ್. ಇನ್ನೊಂದು, ಕೈಲಿರೋ ಮೊಬೈಲು. ಮೊಬೈಲಲ್ಲಿ ನಮ್ಮ ಹುಡುಗರು ಮಾಡೋದು ಏನಂದ್ರೆ, ಒಂದು ಫೋಟೋ ಹೊಡೆದು "ಟ್ರಾಕ್ಟರ್ ಮಾರಾಟಕ್ಕಿದೆ, ಗುಡ್ ಕಂಡೀಷನ್, ಕಾಲ್ ಮಾಡಿ" ಅಂತ ಹತ್ತು ಗ್ರೂಪಿಗೆ ಹಾಕಿ ಕೂತ್ಕೊಳ್ಳೋದು. ಫೋನ್ ಬರ್ತವೆ, ಗಿರಾಕಿ ಬರಲ್ಲ. ಕೊನೆಗೆ ಅದೇ ಬ್ರೋಕರ್ ಹತ್ರ ಹೋಗ್ತೀವಿ.

ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿಗೆ ಆನ್‌ಲೈನ್ ಟೆಂಡರ್ ನಡೆಯೋದನ್ನ ನಿಮ್ಮಲ್ಲಿ ಕೆಲವರಾದ್ರೂ ನೋಡಿರ್ತೀರಿ. ರೇಟು ಹಾಕೋದು ಕಂಪ್ಯೂಟರಲ್ಲೇ ಇರಬಹುದು, ಆದರೆ ವರ್ತಕ ಅದಕ್ಕೂ ಮುಂಚೆ ಲಾಟಿನ ಹತ್ರ ಬಂದು ಕೊಬ್ಬರಿ ಕೈಲಿ ಹಿಡಿದು ನೋಡಿರ್ತಾನೆ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲೂ ಅಷ್ಟೇ, ಹರಾಜು ಆನ್‌ಲೈನ್, ಗೂಡು ನೋಡೋದು ಕೈಯಲ್ಲಿ. ಅಂದ್ರೆ ಮಾಲು ನೋಡದೆ ಯಾರೂ ರೇಟು ಹಾಕಲ್ಲ. ನಾವು ಮನೇಲಿ ಕೂತು ಟ್ರಾಕ್ಟರ್ ಹರಾಜಿಗೆ ಇಟ್ಟಾಗ ಆ "ಕೈಲಿ ಹಿಡಿದು ನೋಡೋ" ಕೆಲಸವನ್ನ ನಮ್ಮ ಪುಟವೇ ಮಾಡಬೇಕು. ಬಣ್ಣ, ದೊಡ್ಡ ಅಕ್ಷರ, ಹೂವಿನ ಬಾರ್ಡರ್ ಎಲ್ಲಾ ಆಮೇಲಿನ ಮಾತು.

ಕಾಣದೇ ಇರೋದಕ್ಕೆ ಕೊಳ್ಳೋನು ದುಡ್ಡು ಹಿಡ್ಕೋತಾನೆ

1970ರಲ್ಲಿ ಜಾರ್ಜ್ ಅಕರ್ಲಾಫ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ ಹಳೇ ಕಾರುಗಳ ಮಾರುಕಟ್ಟೆ ಬಗ್ಗೆ ಒಂದು ಲೇಖನ ಬರೆದರು. 2001ರಲ್ಲಿ ಅವರಿಗೆ ನೊಬೆಲ್ ಬಂದಿದ್ದು ಇದೇ ಸಾಲಿನ ಕೆಲಸಕ್ಕೆ. ಅದರ ತಿರುಳು ನಮ್ಮ ಸಂತೆಗೆ ಹೋಗೋ ಯಾರಿಗಾದ್ರೂ ಗೊತ್ತಿರೋದೇ. ಗಾಡಿಯ ನಿಜಸ್ಥಿತಿ ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳೋನು ಎಲ್ಲಾ ಗಾಡಿಯನ್ನೂ ಅರ್ಧ ಕೆಟ್ಟಿದೆ ಅಂದ್ಕೊಂಡೇ ರೇಟು ಹೇಳ್ತಾನೆ. ಒಳ್ಳೇ ಗಾಡಿ ಇಟ್ಕೊಂಡೋನು "ಈ ರೇಟಿಗೆ ಕೊಡಲ್ಲ" ಅಂತ ಹಿಂದೆ ಸರೀತಾನೆ, ಮಾರುಕಟ್ಟೆಯಲ್ಲಿ ಉಳಿಯೋದು ಕೆಟ್ಟ ಗಾಡಿಗಳೇ. ಆಮೇಲೆ ರೇಟು ಇನ್ನೂ ಬೀಳುತ್ತೆ.

ಇದನ್ನ ನಾನು ಹತ್ತಿರದಿಂದ ನೋಡಿದ್ದು ನನ್ನ ಚಿಕ್ಕಪ್ಪನ ಮಗನ ವಿಷಯದಲ್ಲಿ. ಎರಡು ವರ್ಷ ಕೊಳವೆಬಾವಿ ಕೈಕೊಟ್ಟು, ಟ್ರಾಕ್ಟರ್ ಸಾಲದ ಕಂತು ಮೂರು ಬಾಕಿ ಬಿದ್ದಿತ್ತು. ಇನ್ನೊಂದು ಕಂತು ತಪ್ಪಿದ್ರೆ ಫೈನಾನ್ಸ್‌ನೋರು ಗಾಡಿ ತಗೊಂಡು ಹೋಗೋದು ಖಾತ್ರಿ. ಹಂಗೆ ತಗೊಂಡು ಹೋದ ಗಾಡಿಗಳನ್ನ ಯಾವುದೋ ಯಾರ್ಡಿನಲ್ಲಿ ಧೂಳು ಹಿಡಿಯೋ ಹಂಗೆ ನಿಲ್ಲಿಸಿ, ಆನ್‌ಲೈನ್ ಹರಾಜಿಗೆ ಹಾಕ್ತಾರೆ. ಅವರ ಪುಟ ನೋಡಿದೀರಾ? ನಾನು ನೋಡಿದ ಪುಟಗಳಲ್ಲಿ ಇದ್ದಿದ್ದು ಎರಡು ಮಸುಕು ಫೋಟೋ, ಒಂದು ಮಾಡೆಲ್ ಹೆಸರು, "ಇದ್ದದ್ದು ಇದ್ದಂಗೆ" ಅನ್ನೋ ಒಂದು ಷರತ್ತು. ಅಂಥ ಪುಟಕ್ಕೆ ಯಾರು ಒಳ್ಳೇ ರೇಟು ಹಾಕ್ತಾರೆ? ಬಂದ ದುಡ್ಡು ಸಾಲಕ್ಕೆ ಸಾಲದೇ ಹೋದ್ರೆ ಉಳಿದಿದ್ದನ್ನ ರೈತನೇ ಕಟ್ಟಬೇಕು. ಗಾಡಿಯೂ ಹೋಯ್ತು, ಸಾಲವೂ ಉಳೀತು. ಅದಕ್ಕೇ, ಮಾರಲೇಬೇಕು ಅಂತಾದ್ರೆ ಅವರು ಬರೋಕೆ ಮುಂಚೆ ನಾವೇ ಮಾರೋದು ಲೇಸು ಅನ್ನೋದು ನನ್ನ ಅಭಿಪ್ರಾಯ.

ಬ್ರೋಕರ್ 3,10,000 ಹೇಳಿದ್ದ. ಸಾಲ ಬಾಕಿ 2,70,000. ತಮ್ಮ ಗ್ರೂಪಿಗೆ ಹಾಕಿದ ಒಂದು ಫೋಟೋಗೆ ನಾಲ್ಕು ದಿನದಲ್ಲಿ ಮೂವತ್ತು ನಲವತ್ತು ಫೋನ್ ಬಂದ್ವು, ಒಬ್ಬನೂ ಊರಿಗೆ ಬರಲಿಲ್ಲ. ನಾನು ಒಂದು ನೋಟ್ ಪುಸ್ತಕ ಕೊಟ್ಟು, "ಇನ್ಮೇಲೆ ಫೋನ್ ಮಾಡಿದೋರು ಏನು ಕೇಳ್ತಾರೋ ಅಷ್ಟನ್ನೂ ಬರ್ಕೋ" ಅಂದೆ. ಎರಡು ದಿನಕ್ಕೆ ಗೊತ್ತಾಯ್ತು, ಎಲ್ಲರೂ ಕೇಳ್ತಿದ್ದದ್ದು ಅದೇ ಎಂಟು ಒಂಬತ್ತು ಪ್ರಶ್ನೆ. ಯಾವ ವರ್ಷದ್ದು, ಎಷ್ಟು ಅವರ್ ಓಡಿದೆ, ಎಷ್ಟನೇ ಓನರ್, ಟೈರ್ ಹೆಂಗಿದೆ, ಎಂಜಿನ್ ಬಿಚ್ಚಿದಾರಾ, ಆಯಿಲ್ ಸೋರುತ್ತಾ, ಲೋನ್ ಇದೆಯಾ, ಜೊತೆಗೆ ಏನೇನು ಕೊಡ್ತೀರಿ, ಕೊನೇ ರೇಟು ಎಷ್ಟು. ನಮ್ಮ ಪುಟದ ತಲೆಬರಹಗಳು ಇವೇ ಆದ್ವು. ನೀವೂ ಯಾವುದೇ ವಸ್ತು ಮಾರೋಕೆ ಮುಂಚೆ ಈ ಕೆಲಸ ಮಾಡಿ. ಫೋನ್ ಬರೋವರೆಗೂ ಕಾಯೋದೂ ಬೇಡ, ಅದೇ ಥರದ ವಸ್ತು ನೀವು ಕೊಳ್ಳೋಕೆ ಹೋದ್ರೆ ಏನು ಕೇಳ್ತೀರಿ ಅಂತ ಬರ್ಕೊಂಡ್ರೆ ಸಾಕು.

ಫೋಟೋ: ಹನ್ನೆರಡು ಸಾಕು, ಆದರೆ ಸರಿಯಾದ ಹನ್ನೆರಡು

ಗಾಡಿ ತೊಳೀರಿ. ಆದರೆ ಬಣ್ಣ ಬಳಿಸ್ಬೇಡಿ. ಮಾರೋ ಮುಂಚೆ ಹೊಸ ಬಣ್ಣ ಕಂಡ್ರೆ ಅನುಭವ ಇರೋ ಕೊಳ್ಳುಗ ಮೊದಲು ಕೇಳೋದೇ "ಏನು ಮುಚ್ಚಿದೀರಿ" ಅಂತ. ಎಂಜಿನ್ ಭಾಗವನ್ನ ತೊಳೆದ ಮೇಲೆ ಎರಡು ದಿನ ಓಡಿಸಿ ಆಮೇಲೆ ಫೋಟೋ ತೆಗೀರಿ, ಸೋರಿಕೆ ಇದ್ರೆ ಕಾಣ್ಲಿ.

ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕರ ಮೇಲೆ ತೆಗೆದ್ರೆ ನೆರಳು ಕಪ್ಪಾಗಲ್ಲ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರ್ಲಿ. ಮೊಬೈಲ್ ಕ್ಯಾಮೆರಾದ ಗಾಜನ್ನ ಪಂಚೆ ತುದಿಯಿಂದ ಒರೆಸ್ಕೊಳ್ಳಿ, ನಮ್ಮ ಫೋನುಗಳಲ್ಲಿ ಅರ್ಧ ಮಸುಕು ಅಲ್ಲೇ ಇರೋದು. ಜೂಮ್ ಮಾಡ್ಬೇಡಿ, ಹತ್ತಿರ ಹೋಗಿ. ಹಿಂದೆ ತಿಪ್ಪೆ, ಒಗೆದ ಬಟ್ಟೆ, ಪಕ್ಕದ ಮನೆ ಬೈಕು ಬರದಂಗೆ ಬಯಲಲ್ಲಿ ನಿಲ್ಲಿಸಿ.

ಮುಂದೆ, ಹಿಂದೆ, ಎಡ, ಬಲ ನಾಲ್ಕು. ಅವರ್ ಮೀಟರ್ ಅಂಕಿ ಓದೋ ಹಂಗೆ ಒಂದು. ನಾಲ್ಕು ಟೈರಿಗೂ ಒಂದೊಂದು, ಅದರಲ್ಲೂ ಹಿಂದಿನ ದೊಡ್ಡ ಟೈರಿನ ಪಟ್ಟಿ ಎಷ್ಟು ಎತ್ತರ ಉಳಿದಿದೆ ಅಂತ ತೋರಿಸೋಕೆ ಒಂದು ಸ್ಕೇಲು ನಿಲ್ಲಿಸಿ ತೆಗೀರಿ. ಬಾನೆಟ್ ಎತ್ತಿ ಎಂಜಿನ್ನಿನ ಎರಡು ಪಕ್ಕ. ಹಿಂದೆ ಹೈಡ್ರಾಲಿಕ್, ಪಿಟಿಒ ಕಾಣೋ ಹಂಗೆ ಒಂದು. ಇಲ್ಲಿಗೆ ಹನ್ನೆರಡಾಯ್ತು. ಇದಕ್ಕೆ ಹೊರತಾಗಿ, ಗಾಡೀಲಿ ಏನು ಹಾಳಾಗಿದೆಯೋ ಅದರದ್ದು ಪ್ರತ್ಯೇಕ ಫೋಟೋ. ಫೆಂಡರ್ ಬಗ್ಗಿದ್ರೆ ಅದು, ಸೀಟು ಹರಿದಿದ್ರೆ ಅದು.

ಇಲ್ಲಿಗೆ ಬಂದಾಗ ತಮ್ಮ ಕೇಳ್ದ, "ಅಣ್ಣ, ಎಡಗಡೆ ಟೈರ್ ಸವೆದಿರೋದನ್ನ ನಾವೇ ಹೇಳ್ಬಿಟ್ರೆ ರೇಟು ಬೀಳಲ್ವಾ?" ನ್ಯಾಯವಾದ ಪ್ರಶ್ನೆ. ಬೀಳುತ್ತೆ, ಒಂದು ಟೈರಿನ ದುಡ್ಡಷ್ಟು. ಹೇಳದೇ ಇದ್ರೆ ಕೊಳ್ಳೋನು ಬಂದು ಅಲ್ಲೇ ಕಂಡುಹಿಡೀತಾನೆ. ಆಗ "ಇದನ್ನ ಮುಚ್ಚಿಟ್ಟೋರು ಇನ್ನೇನೇನು ಮುಚ್ಚಿದಾರೋ" ಅಂತ ಟೈರಿಗೂ ಇಳಿಸ್ತಾನೆ, ನೋಡದೇ ಇರೋ ಗೇರ್‌ಬಾಕ್ಸಿಗೂ ಇಳಿಸ್ತಾನೆ. ಅಷ್ಟೊತ್ತಿಗೆ ಬೇರೆ ಗಿರಾಕಿಗಳನ್ನ ಬೇಡ ಅಂತ ಕಳಿಸಿರ್ತೀರಿ, ಅವನು ಹೇಳಿದ್ದಕ್ಕೆ ಒಪ್ಪಲೇಬೇಕು.

ಇಂಟರ್‌ನೆಟ್ ಹರಾಜಿನ ದೊಡ್ಡ ಕಂಪನಿ ಇಬೇ ಶುರುವಾಗಿದ್ದೇ ಇಂಥ ಒಂದು ಮಾರಾಟದಿಂದ. 1995ರಲ್ಲಿ ಅದನ್ನ ಕಟ್ಟಿದ ಪಿಯರ್ ಒಮಿಡ್ಯಾರ್ ಪರೀಕ್ಷೆಗೆ ಅಂತ ತನ್ನ ಕೆಟ್ಟುಹೋದ ಲೇಸರ್ ಪಾಯಿಂಟರ್ ಒಂದನ್ನ ಹರಾಜಿಗೆ ಇಟ್ಟರಂತೆ. 14.83 ಡಾಲರ್‌ಗೆ ಹೋಯ್ತು. ಇದು ಕೆಟ್ಟಿದೆ ಅಂತ ಗೊತ್ತು ತಾನೇ ಅಂತ ವಿಚಾರಿಸಿದ್ರೆ, ಕೊಂಡವನು ತಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಕೂಡಿಡೋನು ಅಂದನಂತೆ! ಕೆಟ್ಟದ್ದಕ್ಕೂ ಗಿರಾಕಿ ಇರ್ತಾನೆ, ಕೆಟ್ಟಿದೆ ಅಂತ ಅವನಿಗೆ ಗೊತ್ತಾಗಬೇಕು ಅಷ್ಟೆ. ನಮ್ಮಲ್ಲೂ ಗ್ಯಾರೇಜ್ ಇಟ್ಕೊಂಡೋನಿಗೆ ಕ್ಲಚ್ ಹೋಗಿರೋ ಗಾಡಿ ಒಂದು ಭಾರವಲ್ಲ.

ಫೋಟೋಗಿಂತ ಬೆಲೆ ತರೋದು ಒಂದು ನಿಮಿಷದ ವಿಡಿಯೋ. ಬೆಳಿಗ್ಗೆ ತಣ್ಣಗಿರೋ ಎಂಜಿನ್ ಮೇಲೆ ಕೈ ಇಟ್ಟು ತೋರಿಸಿ, ಆಮೇಲೆ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಹೊಗೆ ಕಾಣ್ಲಿ. ತಣ್ಣಗಿದ್ದಾಗ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದು ನಿಂತ್ರೆ ಚಿಂತೆ ಇಲ್ಲ. ನೀಲಿ ಹೊಗೆ ಬಿಡ್ತಾನೇ ಇದ್ರೆ ಎಂಜಿನ್ ಆಯಿಲ್ ಉರೀತಿದೆ ಅಂತ ಕೊಳ್ಳೋನಿಗೆ ಗೊತ್ತು. ಆಮೇಲೆ ಕಲ್ಟಿವೇಟರ್ ಎತ್ತಿ ಹಾಗೇ ಬಿಡಿ, ಹೈಡ್ರಾಲಿಕ್ ಇಳಿಯದೇ ನಿಲ್ಲೋದು ಕಾಣ್ಲಿ. ಮಧ್ಯೆ ಕತ್ತರಿಸ್ಬೇಡಿ, ಹಾಡು ಸೇರಿಸ್ಬೇಡಿ. ಎಂಜಿನ್ ಸದ್ದೇ ಅವನಿಗೆ ಬೇಕಾಗಿರೋದು. ಯೂಟ್ಯೂಬಿಗೆ ಹಾಕುವಾಗ 'ಅನ್‌ಲಿಸ್ಟೆಡ್' ಅಂತ ಆರಿಸಿದ್ರೆ ಲಿಂಕ್ ಇದ್ದೋರಿಗೆ ಮಾತ್ರ ಕಾಣುತ್ತೆ.

ಪುಟ ಕಟ್ಟೋದು

ದುಡ್ಡಿಲ್ಲದೆ ಆಗೋ ದಾರಿ ಗೂಗಲ್ ಸೈಟ್ಸ್. ಜಿಮೇಲ್ ಖಾತೆ ಇದ್ರೆ ಸಾಕು. ಪುಟ ಕಟ್ಟೋ ಕೆಲಸಕ್ಕೆ ಮಾತ್ರ ಮೊಬೈಲ್ ನಂಬ್ಕೋಬೇಡಿ, ಒಂದು ಗಂಟೆ ಯಾರದ್ದಾದ್ರೂ ಲ್ಯಾಪ್‌ಟಾಪ್ ಕೇಳಿ ತಗೊಳ್ಳಿ. ಫೋಟೋಗಳನ್ನ ಮೊದಲೇ ಗೂಗಲ್ ಡ್ರೈವ್‌ಗೆ ಹಾಕಿಟ್ಟುಕೊಂಡಿದ್ರೆ ಕೇಬಲ್ ಹುಡುಕೋ ತಾಪತ್ರಯ ಇಲ್ಲ. ವಾಟ್ಸಾಪಲ್ಲಿ ಕಳಿಸ್ಕೊಂಡ ಫೋಟೋ ಬಳಸ್ಬೇಡಿ, ಅದು ಕುಗ್ಗಿಸಿ ಕಳಿಸೋದ್ರಿಂದ ಅವರ್ ಮೀಟರ್ ಅಂಕಿ ಓದೋಕಾಗಲ್ಲ.

ಖಾಲಿ ಪುಟ ತೆರೆದ್ರೆ ಬಲಗಡೆ 'ಇನ್ಸರ್ಟ್' ಅನ್ನೋ ಪಟ್ಟಿ ಬರುತ್ತೆ. ಬರಹದ ಪೆಟ್ಟಿಗೆ, ಫೋಟೋ, ಯೂಟ್ಯೂಬ್, ನಕ್ಷೆ, ಗೂಗಲ್ ಫಾರ್ಮ್ ಎಲ್ಲಾ ಅಲ್ಲೇ ಇದೆ, ಎಳೆದು ತಂದು ಕೂರಿಸೋದು. ಮೇಲೆ ತಲೆಬರಹ, ಅದರ ಕೆಳಗೆ ಇಡೀ ಗಾಡಿಯ ಒಂದು ಫೋಟೋ, ಆಮೇಲೆ ಎಂಟು ಹತ್ತು ಸಾಲಿನ ವಿವರ, ಆಮೇಲೆ ವಿಡಿಯೋ, ಉಳಿದ ಫೋಟೋಗಳು, ದೋಷಗಳು, ಹರಾಜಿನ ನಿಯಮ, ಕೊನೆಗೆ ರೇಟು ಹಾಕೋ ಫಾರ್ಮ್. ಫೋಟೋಗಳನ್ನ ಒಂದರ ಪಕ್ಕ ಒಂದು ಜಾರೋ ಹಂಗೆ ಇಡೋ ಸೌಕರ್ಯವೂ ಇದೆ, ನನಗದು ಇಷ್ಟವಿಲ್ಲ. ಮೊಬೈಲಲ್ಲಿ ನೋಡೋನು ಮೇಲಿಂದ ಕೆಳಕ್ಕೆ ಬೆರಳು ಎಳೀತಾನೆ, ಪಕ್ಕಕ್ಕೆ ಎಳೀಬೇಕು ಅನ್ನೋದು ಎಷ್ಟೋ ಜನಕ್ಕೆ ಹೊಳೆಯಲ್ಲ. ಒಂದರ ಕೆಳಗೆ ಒಂದು ಇಡಿ, ಪ್ರತಿ ಫೋಟೋ ಕೆಳಗೆ ಒಂದು ಸಾಲು ಬರೀರಿ.

ತಲೆಬರಹ ಹೇಗಿರಬೇಕು ಅಂದ್ರೆ, ಅದೊಂದನ್ನೇ ಓದಿದ್ರೂ ಬೇಕೋ ಬೇಡವೋ ಗೊತ್ತಾಗಬೇಕು. "ಸೂಪರ್ ಕಂಡೀಷನ್ ಟ್ರಾಕ್ಟರ್, ಬೇಗ ಬನ್ನಿ" ಅಂದ್ರೆ ಏನೂ ಗೊತ್ತಾಗಲ್ಲ. ನಮ್ಮದು ಹೀಗಿತ್ತು: "42 ಎಚ್‌ಪಿ ಟ್ರಾಕ್ಟರ್, 2017 ಮಾಡೆಲ್, 3,940 ಅವರ್, ಒಬ್ಬರೇ ಓನರ್, ತುರುವೇಕೆರೆ ತಾಲ್ಲೂಕು". ಅಂಕಿಗಳನ್ನ 1, 2, 3 ಅಂತಲೇ ಹಾಕಿ, ಪಕ್ಕದ ರಾಜ್ಯದಿಂದ ನೋಡೋನಿಗೂ ಅಷ್ಟು ಓದೋಕೆ ಬರುತ್ತೆ. ವಿವರದಲ್ಲಿ "ಚೆನ್ನಾಗಿದೆ" ಅನ್ನೋ ಮಾತನ್ನ ಎಲ್ಲೆಲ್ಲಿ ಬರೆದಿದೀರೋ ಅಲ್ಲೆಲ್ಲಾ ಹೊಡೆದುಹಾಕಿ ಅದರ ಬದಲು ಒಂದು ಸಂಗತಿ ಬರೀರಿ. "ಬ್ಯಾಟರಿ ಚೆನ್ನಾಗಿದೆ" ಬೇಡ, "ಬ್ಯಾಟರಿ ಹೋದ ಯುಗಾದಿಗೆ ಹಾಕಿಸಿದ್ದು, ಬಿಲ್ ಇದೆ" ಅನ್ನಿ. "ಎಂಜಿನ್ ಸೂಪರ್" ಬೇಡ, "ಎಂಜಿನ್ ಬಿಚ್ಚಿಲ್ಲ, ಆಯಿಲ್ ಬದಲಿಸಿದ ದಿನ, ಅವರ್ ಬರೆದಿಟ್ಟ ಪುಸ್ತಕ ಇದೆ" ಅನ್ನಿ. ನಮ್ಮ ಹುಡುಗ ಸರ್ವಿಸ್ ಬಿಲ್ಲುಗಳನ್ನ ಗಾಡಿ ಟೂಲ್ ಬಾಕ್ಸಲ್ಲೇ ಸುರುಳಿ ಸುತ್ತಿ ಇಟ್ಟಿದ್ದ, ಆಯಿಲ್ ಹತ್ತಿ ಅರ್ಧ ಅಳಿಸಿಹೋಗಿದ್ವು. ಆದರೂ ಅವನ್ನ ಹರಡಿ ಫೋಟೋ ತೆಗೆದು ಹಾಕಿದ್ದು ಬಹಳ ಕೆಲಸ ಮಾಡ್ತು.

ಕನ್ನಡದ ಅಕ್ಷರದ ಬಗ್ಗೆ ಒಂದು ಮಾತು. ಪೇಟೆಯ ಡಿಟಿಪಿ ಅಂಗಡೀಲಿ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿಸ್ಕೊಂಡು ತಂದು ಪುಟಕ್ಕೆ ಅಂಟಿಸಿದ್ರೆ, ಬೇರೆಯವರ ಮೊಬೈಲಲ್ಲಿ ಅದು ಇಂಗ್ಲಿಷ್ ಅಕ್ಷರದ ಕಸದಂಗೆ ಕಾಣುತ್ತೆ. ಯೂನಿಕೋಡ್‌ನಲ್ಲಿ ಇರಬೇಕು. ನಿಮ್ಮ ಮೊಬೈಲ್ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ್ದು ಯೂನಿಕೋಡೇ, ಅದನ್ನೇ ಮೇಲ್ ಮಾಡ್ಕೊಂಡು ಅಂಟಿಸಿ. ಇನ್ನು ಕೆಲವರು ಪೋಸ್ಟರ್ ಥರ ಎಲ್ಲಾ ಬರಹವನ್ನೂ ಒಂದು ಚಿತ್ರದೊಳಗೆ ಹಾಕ್ತಾರೆ. ಚಿತ್ರದೊಳಗಿನ ಅಕ್ಷರವನ್ನ ಗೂಗಲ್ ಹುಡುಕಾಟ ನಂಬೋ ಹಂಗಿಲ್ಲ, ತಮಿಳು ತೆಲುಗಿನೋರು ಪುಟ ಅನುವಾದ ಮಾಡಿಸ್ಕೊಂಡು ಓದೋಕೂ ಆಗಲ್ಲ. ದೊಡ್ಡ ಅಕ್ಷರದ ತಲೆಬರಹ ನಮ್ಮ ಉದ್ದ ಪದಗಳಿಗೆ ಸರಿಹೋಗಲ್ಲ, ಮೊಬೈಲಲ್ಲಿ ಒಂದು ಪದವೇ ಒಂದು ಸಾಲು ತಿನ್ನುತ್ತೆ. ಮೇಲುಗಡೆ 'ಪ್ರಿವ್ಯೂ' ಒತ್ತಿದ್ರೆ ಫೋನಲ್ಲಿ ಹೇಗೆ ಕಾಣುತ್ತೆ ಅಂತ ತೋರಿಸುತ್ತೆ, ಅದನ್ನ ನೋಡದೆ ಪಬ್ಲಿಶ್ ಮಾಡ್ಬೇಡಿ. ಪುಟದ ವಿಳಾಸಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ಹೆಸರು ಕೊಡಿ.

ಅಲಂಕಾರಕ್ಕೆ ಮನಸ್ಸು ಎಳೆಯೋದು ಸಹಜ. ಹಿಂದೆ ಇಬೇಯಲ್ಲೂ ಮಾರೋರು ಮಿಣುಕೋ ಚಿತ್ರ, ಓಡೋ ಅಕ್ಷರ, ತರಾವರಿ ಬಾರ್ಡರ್ ಎಲ್ಲಾ ಹಾಕ್ತಿದ್ರು. ಕೊನೆಗೆ ಕಂಪನಿಯೇ ಕಡಿವಾಣ ಹಾಕ್ತು. 2013ರಿಂದ ಪ್ರತಿ ಮಾಲಿಗೂ ಕನಿಷ್ಠ ಒಂದು ಫೋಟೋ ಇರಲೇಬೇಕು, ಉದ್ದದ ಬದಿ 500 ಪಿಕ್ಸೆಲ್‌ಗೆ ಕಮ್ಮಿ ಇರಬಾರದು, ಫೋಟೋ ಮೇಲೆ ಬಾರ್ಡರ್ರೂ ಬರಹವೂ ಇರಕೂಡದು ಅಂದ್ರು. 2017ರಲ್ಲಿ ಪುಟದೊಳಗೆ ಜಾವಾಸ್ಕ್ರಿಪ್ಟ್, ಫ್ಲಾಶ್ ಥರದ್ದನ್ನೂ ನಿಲ್ಲಿಸಿದ್ರು. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ತಲೆಬರಹಕ್ಕೆ ಒಂದು ಬಣ್ಣ. ಹೊಲದಲ್ಲಿ ಬಿಸಿಲಿಗೆ ನಿಂತು ಮೊಬೈಲ್ ನೋಡೋನಿಗೆ ಇದಕ್ಕಿಂತ ಸುಖ ಬೇರೆ ಇಲ್ಲ.

ರೇಟು ಹಾಕಿಸೋದು

ನಾವು ಮಾಡಿದ್ದು ಮುಚ್ಚಿದ ಟೆಂಡರ್. ಗೂಗಲ್ ಫಾರ್ಮಿನಲ್ಲಿ ನಾಲ್ಕೇ ಪ್ರಶ್ನೆ: ಹೆಸರು, ಊರು, ಫೋನ್ ನಂಬರ್, ನಿಮ್ಮ ರೇಟು. ರೇಟಿನ ಜಾಗದಲ್ಲಿ ಅಂಕಿ ಮಾತ್ರ ಹಾಕೋ ಹಂಗೆ, ಕನಿಷ್ಠ ಬೆಲೆಗಿಂತ ಕಮ್ಮಿ ಹಾಕಿದ್ರೆ ತಗೊಳ್ಳದ ಹಂಗೆ ಕಟ್ಟಬಹುದು, 'ರೆಸ್ಪಾನ್ಸ್ ವ್ಯಾಲಿಡೇಷನ್' ಅಂತ ಇರುತ್ತೆ. ಫೈಲ್ ಅಪ್‌ಲೋಡ್ ಕೇಳ್ಬೇಡಿ, ಅದಕ್ಕೆ ಜಿಮೇಲ್ ಲಾಗಿನ್ ಬೇಕು, ಅರ್ಧ ಜನ ಅಲ್ಲೇ ಬಿಟ್ಟು ಹೋಗ್ತಾರೆ. ಉತ್ತರಗಳು ಶೀಟಿನಲ್ಲಿ ಹೊತ್ತು ಗಳಿಗೆ ಸಮೇತ ಬಂದು ಕೂರ್ತವೆ. ಹೇಳಿದ ದಿನ, ಹೇಳಿದ ಗಂಟೆಗೆ ಉತ್ತರ ತಗೊಳ್ಳೋದನ್ನ ಆಫ್ ಮಾಡಿ. ಐದು ನಿಮಿಷ ತಡವಾಗಿ ಬಂದೋನಿಗೆ ಅವಕಾಶ ಕೊಟ್ಟಿರೋ ಅಂದ್ರೆ ಮುಂದಿನ ಸಲ ನಿಮ್ಮನ್ನ ಯಾರೂ ನಂಬಲ್ಲ.

ಕನಿಷ್ಠ ಬೆಲೆಯನ್ನ ಬಚ್ಚಿಡಬೇಕಾ, ಹೇಳಬೇಕಾ? ಬಹಳ ಕೆಳಗಿನಿಂದ ಶುರು ಮಾಡಿದ್ರೆ ಜನ ಜಾಸ್ತಿ ಸೇರ್ತಾರೆ, ನಿಜ. ಆದರೆ ಅದು ಸಾವಿರಾರು ಜನ ನೋಡೋ ಜಾಗಕ್ಕೆ ಸರಿ. ನಮ್ಮ ಪುಟ ನೋಡೋರು ಇನ್ನೂರೋ ಮುನ್ನೂರೋ, ರೇಟು ಹಾಕೋರು ಹತ್ತೋ ಹದಿನೈದೋ. ಅದಕ್ಕೆ ಯಾವ ಬೆಲೆಗಿಂತ ಕೆಳಗೆ ಕೊಡಲ್ಲವೋ ಅದನ್ನ ಬಾಯ್ಬಿಟ್ಟು ಹೇಳೋದೇ ಸರಿ ಅಂತ ನಾನು ಅಂದೆ. ಬ್ರೋಕರ್ ಹೇಳಿದ 3,10,000 ನಮ್ಮ ಕನಿಷ್ಠ ಆಯ್ತು. ಮಾಲು ನೋಡೋಕೆ ಎರಡು ದಿನ ಗೊತ್ತು ಮಾಡಿದ್ವಿ, ಮೆಕ್ಯಾನಿಕ್ ಕರ್ಕೊಂಡು ಬಂದು ನೋಡಬಹುದು ಅಂತ ಬರೆದ್ವಿ. ಗೆದ್ದವರು ಮೂರು ದಿನದೊಳಗೆ ಬಂದು ಮುಂಗಡ ಕೊಡದಿದ್ರೆ ಎರಡನೇ ರೇಟಿನವರಿಗೆ ಅಂತಲೂ ಬರೆದ್ವಿ.

ಇಲ್ಲೊಂದು ಆಸೆ ಹುಟ್ಟುತ್ತೆ: ಸ್ನೇಹಿತನ ಕೈಲಿ ಒಂದು ಜಾಸ್ತಿ ರೇಟು ಹಾಕಿಸಿ, "ನೋಡಿ, ಇಷ್ಟು ಬಂದಿದೆ" ಅಂತ ಉಳಿದೋರನ್ನ ಏರಿಸೋದು. ಬೇಡ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರ, ಮೊದಲೇ ಹೇಳದೆ ಮಾರೋನು ತಾನೇ ಅಥವಾ ಬೇರೆಯವರ ಕೈಲಿ ತನ್ನ ಪರವಾಗಿ ಹರಾಜು ಕೂಗಿಸೋದು ಕಾನೂನಿಗೆ ವಿರುದ್ಧ. ಅಂಥ ಮಾರಾಟವನ್ನ ಕೊಂಡವನು ಮೋಸ ಅಂತ ಪರಿಗಣಿಸಬಹುದು.

ಕಾಗದ ಪತ್ರ ಪುಟದ ಮೇಲೇ ಇರ್ಲಿ

ಸಾಲ ಇದ್ರೆ ಮುಚ್ಚಿಡೋಕೆ ಹೋಗ್ಬೇಡಿ. ಆರ್‌ಸಿಯಲ್ಲಿ ಅಡಮಾನ ನಮೂದಾಗಿರುತ್ತೆ, ಅದು ತೆಗೆಯದೆ ಗಾಡಿ ಸಲೀಸಾಗಿ ಹೆಸರು ಬದಲಾಗಲ್ಲ. ಮೊದಲು ಫೈನಾನ್ಸ್‌ನೋರ ಹತ್ರ ಹೋಗಿ, ಇಂಥ ದಿನ ಪೂರ್ತಿ ಕಟ್ಟಿದ್ರೆ ಎಷ್ಟು ಅಂತ ಬರಹದಲ್ಲಿ ತಗೊಳ್ಳಿ. ನಮ್ಮ ಪುಟದಲ್ಲಿ ಹೀಗೆ ಬರೆದಿದ್ವಿ: "ಸಾಲ ಬಾಕಿ ಇದೆ. ಕೊಳ್ಳೋರು ಕೊಡೋ ದುಡ್ಡಿನಲ್ಲಿ ಆ ಭಾಗವನ್ನ ಅವರ ಎದುರಿಗೇ ಸಾಲದ ಖಾತೆಗೆ ಕಟ್ಟಿ, ಎನ್‌ಒಸಿ ಬಂದ ಮೇಲೆ ಉಳಿದ ದುಡ್ಡು ಕೊಟ್ರೆ ಸಾಕು." ಸಾಲ ಇದೆ ಅಂತ ಗೊತ್ತಾಗಿ ಹಿಂದೆ ಸರಿದೋರು ಇರಬಹುದು. ಆದರೆ ಉಳಿದೋರಿಗೆ ಭಯ ಹೋಯ್ತು.

ಅಡಮಾನ ತೆಗೆಯೋಕೆ ಫಾರ್ಮ್ 35, ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30, ಬೇರೆ ರಾಜ್ಯಕ್ಕೆ ಹೋಗೋದಾದ್ರೆ ಎನ್‌ಒಸಿಗೆ ಫಾರ್ಮ್ 28. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸೋದು ಮಾರಿದವನ ಹೊಣೆ. ಇದನ್ನ ಹಗುರವಾಗಿ ತಗೋಬೇಡಿ. ದುಡ್ಡು ಕೈಗೆ ಬಂತಲ್ಲ ಅಂತ ಸುಮ್ಮನೆ ಕೂತು, ಆ ಗಾಡಿ ಎಲ್ಲೋ ಅಪಘಾತ ಮಾಡಿದ್ರೆ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೂರು ಕೈ ಬದಲಾಗಿದ್ರೂ ಅಷ್ಟೇ.

ಸಬ್ಸಿಡಿಯಲ್ಲಿ ತಂದ ಯಂತ್ರವಾದ್ರೆ ಇಷ್ಟು ವರ್ಷ ಮಾರಬಾರದು ಅನ್ನೋ ಷರತ್ತು ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮನೇಲಿ ಉಳಿದಿರೋ ಕೀಟನಾಶಕದ ಡಬ್ಬಿಗಳನ್ನ ಟ್ರಾಕ್ಟರ್ ಜೊತೆ ಪಟ್ಟಿಗೆ ಸೇರಿಸ್ಬೇಡಿ, ಅದನ್ನ ಮಾರೋಕೆ ಲೈಸೆನ್ಸ್ ಬೇಕು.

ಪುಟಕ್ಕೆ ಏನು ಹಾಕಬಾರದು

ಆರ್‌ಸಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವುಗಳ ಪೂರ್ತಿ ಫೋಟೋ ಹಾಕ್ಬೇಡಿ. ಆರ್‌ಸಿ ತೋರಿಸಲೇಬೇಕು ಅಂದ್ರೆ ಚಾಸಿ ನಂಬರು, ವಿಳಾಸದ ಮೇಲೆ ಕಾಗದ ಇಟ್ಟು ಫೋಟೋ ತೆಗೀರಿ, ಮೊಬೈಲಲ್ಲಿ ಗೀಚಿ ಮುಚ್ಚೋದಕ್ಕಿಂತ ಇದು ಭದ್ರ. ನಕ್ಷೆಯಲ್ಲಿ ಮನೆ ಗುರುತು ಹಾಕೋ ಬದಲು ಹತ್ತಿರದ ಬಸ್ ನಿಲ್ದಾಣ ಹಾಕಿ. ಕ್ಯಾಮೆರಾ ಸೆಟ್ಟಿಂಗ್ಸಲ್ಲಿ ಲೊಕೇಷನ್ ಆಫ್ ಮಾಡ್ಕೊಂಡು ಫೋಟೋ ತೆಗೀರಿ.

ಪುಟ ಹಾಕಿದ ಎರಡನೇ ದಿನಕ್ಕೇ ಹಿಂದಿಯಲ್ಲಿ ಮಾತಾಡೋ ಒಬ್ಬನ ಫೋನು ಬಂತು. ಸೈನ್ಯದಲ್ಲಿದೀನಿ, ಗಾಡಿ ನೋಡೋದೇ ಬೇಡ, ಈಗಲೇ ಮುಂಗಡ ಹಾಕ್ತೀನಿ, ಕ್ಯೂಆರ್ ಕೋಡ್ ಕಳಿಸ್ತೀನಿ ಸ್ಕ್ಯಾನ್ ಮಾಡಿ ಅಂದ. ಸಾಲದ ಒತ್ತಡದಲ್ಲಿರೋ ಹುಡುಗನಿಗೆ ಅದು ದೇವರೇ ಕಳಿಸಿದಂಗೆ ಕಾಣುತ್ತೆ. ತಮ್ಮ ಫೋನ್ ನನ್ನ ಕೈಗೆ ಕೊಟ್ಟ, ನಾನು ಕಟ್ ಮಾಡ್ದೆ. ದುಡ್ಡು ತಗೊಳ್ಳೋಕೆ ನಾವು ಸ್ಕ್ಯಾನ್ ಮಾಡೋದೂ ಇಲ್ಲ, ಪಿನ್ ಒತ್ತೋದೂ ಇಲ್ಲ. ಪಿನ್ ಒತ್ತಿದ್ರೆ ದುಡ್ಡು ಹೋಗುತ್ತೆ, ಬರಲ್ಲ. ಅಕಸ್ಮಾತ್ ಹೋದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ ಅದು. ನೋಡದೆ ಕೊಳ್ತೀನಿ ಅನ್ನೋನು ಎಷ್ಟು ಜಾಸ್ತಿ ಹೇಳಿದ್ರೂ ಅವನು ಗಿರಾಕಿ ಅಲ್ಲ.

ಏನಾಯ್ತು

ಲಿಂಕನ್ನ ಬರೀ ಲಿಂಕಾಗಿ ಕಳಿಸಿದ್ರೆ ಜನ ಒತ್ತೋಕೆ ಹೆದರ್ತಾರೆ. ಅದಕ್ಕೆ ಒಂದು ಫೋಟೋ, ತಲೆಬರಹದ ಸಾಲು, ಕನಿಷ್ಠ ಬೆಲೆ, ಕೊನೇ ದಿನಾಂಕ, ಆಮೇಲೆ ಲಿಂಕ್, ಇಷ್ಟನ್ನ ಸೇರಿಸಿ ಕಳಿಸಿದ್ವಿ. ಎರಡು ಟ್ರಾಕ್ಟರ್ ಗ್ಯಾರೇಜಿನ ಗೋಡೆಗೆ ಕ್ಯೂಆರ್ ಕೋಡ್ ಪ್ರಿಂಟ್ ತೆಗೆದು ಅಂಟಿಸಿದ್ವಿ. ನನ್ನ ಲೆಕ್ಕದಲ್ಲಿ ಒಳ್ಳೇ ಗಿರಾಕಿಗಳು ಬಂದಿದ್ದು ಆ ಗೋಡೆಯಿಂದಲೇ.

ಹತ್ತು ದಿನದಲ್ಲಿ ಹನ್ನೊಂದು ರೇಟು ಬಂದ್ವು. ಫೋನ್ ಬಂದಿದ್ದು ಬರೀ ಆರೋ ಏಳೋ, ಯಾಕಂದ್ರೆ ಕೇಳೋದಕ್ಕೆ ಏನೂ ಉಳಿದಿರಲಿಲ್ಲ. ಮೇಲಿನ ರೇಟು 3,72,000, ಅದರ ಕೆಳಗಿನದು 3,65,000. ಗುಬ್ಬಿ ಕಡೆಯೋರು ಒಬ್ಬರು, ಮಗನನ್ನೂ ಮೆಕ್ಯಾನಿಕ್‌ನನ್ನೂ ಕರ್ಕೊಂಡು ಬಂದ್ರು. ಮೆಕ್ಯಾನಿಕ್ ಎಡಗಡೆ ಟೈರ್ ಹತ್ರ ಕೂತು ಬೆರಳಿಟ್ಟು ನೋಡಿ ಎದ್ದು, "ಇದು ಪುಟದಲ್ಲೇ ಇತ್ತಲ್ಲ ಯಜಮಾನ್ರೇ" ಅಂದ. ಅವರು ರೇಟು ಇಳಿಸೋ ಮಾತೇ ಎತ್ತಲಿಲ್ಲ. ಸಾಲ ತೀರಿ ಕೈಗೆ ಒಂದು ಲಕ್ಷದಷ್ಟು ಉಳೀತು. ಎಲ್ಲರಿಗೂ ಇಷ್ಟೇ ಅಂತರ ಸಿಗುತ್ತೆ ಅಂತ ನಾನು ಹೇಳಲ್ಲ, ಗಾಡಿ, ಕಾಲ, ಊರು ಮೂರರ ಮೇಲೂ ಅದು ನಿಂತಿದೆ. ಬಿತ್ತನೆಗೆ ಮುಂಚೆ ಮಾರಿದ್ದೂ ನಮಗೆ ಅನುಕೂಲವಾಯ್ತು.

ಮಾರಾಟ ಆದ ದಿನವೇ ಎರಡು ಕೆಲಸ ಮಾಡಿ. ಕೊಂಡವರಿಂದ ದಿನಾಂಕ, ಗಂಟೆ, ಅವರ್ ಮೀಟರ್ ಅಂಕಿ ಬರೆಸಿ ಗಾಡಿ ತಗೊಂಡಿದೀನಿ ಅಂತ ಸಹಿ ಹಾಕಿಸ್ಕೊಳ್ಳಿ, ಅವರ ಗುರುತಿನ ಚೀಟಿಯ ನಕಲೂ ಇರಲಿ. ಆಮೇಲೆ ಉಳಿದ ಹತ್ತು ಜನಕ್ಕೂ "ಮಾರಾಟ ಆಯ್ತು, ಇಷ್ಟಕ್ಕೆ ಹೋಯ್ತು, ರೇಟು ಹಾಕಿದ್ದಕ್ಕೆ ಥ್ಯಾಂಕ್ಸ್" ಅಂತ ಒಂದು ಮೆಸೇಜ್ ಕಳಿಸಿ. ನಮ್ಮದರಲ್ಲಿ ಎರಡನೇ ರೇಟಿನವರು ವಾಪಸ್ ಫೋನ್ ಮಾಡಿ, "ಅದರ ಕಲ್ಟಿವೇಟರ್ ಬೇರೆ ಕೊಡ್ತೀರಾ?" ಅಂತ ಕೇಳಿದ್ರು. ಗೂಗಲ್ ಸೈಟ್ಸಲ್ಲಿ ಪಬ್ಲಿಶ್ ಗುಂಡಿಯ ಪಕ್ಕದ ಬಾಣ ಒತ್ತಿದ್ರೆ 'ಅನ್‌ಪಬ್ಲಿಶ್' ಸಿಗುತ್ತೆ, ಅಲ್ಲಿಂದ ಪುಟ ಇಳಿಸಿ. ಪುಟ ಅಳಿಸಿಹೋಗಲ್ಲ, ನಿಮ್ಮ ಡ್ರೈವ್‌ನಲ್ಲೇ ಇರುತ್ತೆ. ಮುಂದೆ ಪಂಪ್‌ಸೆಟ್ಟೋ ರೋಟವೇಟರೋ ಮಾರೋವಾಗ ಅದರದ್ದೇ ಒಂದು ನಕಲು ಮಾಡ್ಕೊಂಡು ಫೋಟೋ, ಅಂಕಿ ಬದಲಿಸಿದ್ರೆ ಅರ್ಧ ಗಂಟೆಯ ಕೆಲಸ.